ಉಲ್ಟಾ ನುಂಗಿದ ಪಂಪು

ನನ್ನ ಪಂಪಿಗೆ ಕವಾಟವಿಲ್ಲ, ಪಿಸ್ಟನ್ನೂ ಇಲ್ಲ. ಇರುವುದು ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ ಒಂದು ಲೋಹದ ಹರಳು, ಅದರ ಕೆಳಗೆ ತಿರುಗುವ ಉರುಟು ಆಯಸ್ಕಾಂತ.

ನಿಕಲ್, ಮ್ಯಾಂಗನೀಸ್, ಗ್ಯಾಲಿಯಂ ಬೆರೆತ ಈ ಹರಳು ಆಯಸ್ಕಾಂತದ ಸೆಳೆತಕ್ಕೆ ತನ್ನ ಆಕಾರ ಬದಲಿಸುತ್ತದೆಂದು 1996ರಲ್ಲಿ ಉಲ್ಲಾಕ್ಕೊ ಎಂಬ ವಿಜ್ಞಾನಿ ಮತ್ತು ಜೊತೆಗಾರರು ತೋರಿಸಿದಾಗ ಉದ್ದದಲ್ಲಿ ಆದ ಬದಲಾವಣೆ ಶೇ. 0.2 ಮಾತ್ರ. ಈಗ ಒಳ್ಳೆಯ ಹರಳು ಶೇ. 6ರಷ್ಟು ಬದಲಾಗುತ್ತದೆ. ಆಯಸ್ಕಾಂತದ ಧ್ರುವ ಬಂದ ಕಡೆ ಹರಳಿನ ಮೈ ಕುಗ್ಗಿ ಸಣ್ಣ ಗುಳಿ ಬೀಳುತ್ತದೆ. ಧ್ರುವ ಮುಂದೆ ಸರಿದರೆ ಗುಳಿಯೂ ಸರಿಯುತ್ತದೆ, ತನ್ನೊಳಗಿನ ನೀರನ್ನು ಎತ್ತಿಕೊಂಡೇ. ಅಮ್ಮನಿಗೆ ಇದನ್ನು ಹಾಲು ಕರೆಯುವ ಬೆರಳುಗಳ ಲೆಕ್ಕದಲ್ಲಿ ವಿವರಿಸಿದ್ದೆ. "ಅಂದ್ರೆ ಕೆಚ್ಚಲೇ ತನ್ನನ್ನು ತಾನು ಕರ್ಕೊಂಡ ಹಾಗಾಯ್ತಲ್ಲೇ!" ಎಂದಿದ್ದಳು. ನನ್ನ ಯಾವ ಸ್ಲೈಡಿನಲ್ಲೂ ಅಷ್ಟು ಚೆನ್ನಾಗಿ ಬಂದಿಲ್ಲ.

ಆ ದಿನ ಬೆಳಿಗ್ಗೆ ಬಣ್ಣದ ನೀರು ತುಂಬಿ ಮೋಟಾರ್ ಹಾಕಿದೆ. ನೀರು ಹೊರಬರಬೇಕಾದ ಕೊಳವೆ ಒಣಗಿಯೇ ಇತ್ತು. ನೀರು ಒಳಹೋಗಬೇಕಾದ ಕೊಳವೆಯಲ್ಲಿ ಮಾತ್ರ ಗುಳುಗುಳು ಗುಳ್ಳೆ. ಎಲ್ಲೋ ಗಾಳಿ ಸೋರುತ್ತಿದೆ ಎಂದುಕೊಂಡೆ. ಸೋರಿಕೆಯೇ ಈ ಕೆಲಸದ ನಿಜವಾದ ತಲೆನೋವು. ಹರಳಿನ ಮೇಲಿನ ಸಿಲಿಕೋನ್ ಪದರ ಸಡಿಲವಾದರೆ ನೀರು ಜಾರುತ್ತದೆ, ಬಿಗಿಯಾದರೆ ಹರಳು ಅಲುಗಾಡುವುದಿಲ್ಲ. ಪ್ರಬಂಧಗಳಲ್ಲಿ ಶೇಕಡಾವಾರು ಮೆರೆಯುತ್ತದೆ. ಅಂಟಿನ ಗೋಳನ್ನು ಯಾರೂ ಬರೆಯುವುದಿಲ್ಲ. ಬಿಚ್ಚಿದೆ, ಒರೆಸಿದೆ, ಹೊಸ ಪದರ ಕೂರಿಸಿದೆ. ಹರಳು ಗಾಜಿನಷ್ಟೇ ನಾಜೂಕು, ಚಿಮುಟದಲ್ಲಿ ಹಿಡಿಯುವಾಗ ಉಸಿರನ್ನೂ ಬಿಗಿಹಿಡಿಯಬೇಕು. ಮೂರು ಸಲ ಹೀಗೇ ಆಯಿತು. ಊಟ ತಪ್ಪಿತು.

ನಾಲ್ಕೂವರೆಗೆ ಬೀಗ ಹಾಕಲು ಬಂದ ಅಟೆಂಡರ್ ಸ್ವಲ್ಪ ಹೊತ್ತು ಬಗ್ಗಿ ನೋಡಿದರು.

"ಮೇಡಂ, ಗುಳ್ಳೆ ಬರ್ತಿರೋದು ಗಾಳಿ ಈ ಕಡೆ ಬರ್ತಿರೋದಕ್ಕಲ್ವಾ? ಮೋಟಾರು ಉಲ್ಟಾ ತಿರುಗ್ತಿದೆ ಅನ್ಸುತ್ತೆ."

ಬೆಳಗಿನಿಂದ ಪಂಪು ಕೆಲಸ ಮಾಡುತ್ತಲೇ ಇತ್ತು, ಹೊರಗಿನ ಗಾಳಿಯನ್ನು ಹಿಂದಕ್ಕೆ ನುಂಗುತ್ತಾ! ವೈರು ಅದಲುಬದಲು ಮಾಡಿದೆ. ಕೆಂಪು ನೀರು ಕೊಳವೆಯಲ್ಲಿ ಗುಟುಕು ಗುಟುಕಾಗಿ ಮುಂದಕ್ಕೆ ತೆವಳಿತು. ಮೋಟಾರ್ ನಿಲ್ಲಿಸಿದರೆ ಅಲ್ಲೇ ನಿಂತಿತು.

"ಇದ್ರಲ್ಲಿ ಒಂದು ಲೋಟ ತುಂಬೋಕೆ ಎಷ್ಟು ದಿನ ಬೇಕು ಮೇಡಂ?"

ಲೋಟಕ್ಕಲ್ಲ, ಅಮೆರಿಕದ ಬೋಯಿಸಿಯಲ್ಲಿ ಇಂಥದೇ ಪಂಪನ್ನು ಇಲಿಯ ಮಿದುಳಿಗೆ ಔಷಧ ಹನಿಸಲೆಂದು ಮಾಡಿದ್ದಾರೆ ಎಂದೆ. ಅವರು "ಇಲಿಗಾ?" ಎಂದು ಬೀಗದ ಕೈ ಹುಡುಕತೊಡಗಿದರು. ನಾನು ಹೊರಡುವ ಮೊದಲು ಮೋಟಾರಿನ ಎರಡೂ ವೈರಿಗೆ ಕೆಂಪು, ಕಪ್ಪು ಟೇಪು ಸುತ್ತಿದೆ.