ಮಾತಾಡೋಕೆ ಬಂದವರ ಮೈ ಸುದ್ದಿ ನಿಮಗ್ಯಾಕೆ?

ನಾನು ಆಪ್ತಸಮಾಲೋಚಕಿ. ಮೈ, ಮನಸ್ಸು, ಹೃದಯ ಮೂರನ್ನೂ ಸೇರಿಸಿಕೊಂಡು ಮಾಡುವ ಥೆರಪಿ ನನ್ನದು. ಮೊದಲ ಭೇಟಿಯಲ್ಲೇ ಬಹಳ ಜನ ಕೇಳುತ್ತಾರೆ: "ನಾನು ಬಂದಿರೋದು ಮನಸ್ಸಿನ ವಿಷಯ ಮಾತಾಡೋಕೆ. ನೀವು ಪದೇ ಪದೇ 'ಈಗ ಮೈಯಲ್ಲಿ ಏನಾಗ್ತಿದೆ' ಅಂತ ಯಾಕೆ ಕೇಳ್ತೀರಿ?" ಕೆಲವರಿಗೆ ಇದರಲ್ಲಿ ಮಾಟಮಂತ್ರದ ವಾಸನೆ. ತಪ್ಪಿಲ್ಲ, ನನಗೂ ಹಾಗೇ ಅನ್ನಿಸಿತ್ತು.

ಒಂದು ಕಾಲದಲ್ಲಿ ನಾನೂ ಆ ಕಡೆ ಕುರ್ಚಿಯಲ್ಲಿ ಕೂತಿದ್ದೆ. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಆ ಕಥೆ ಹೇಳಿ ಹೇಳಿ ಬಾಯಿಪಾಠ ಆಗಿಬಿಟ್ಟಿತ್ತು. ಯಾವತ್ತು ಅಡ್ಮಿಟ್ ಮಾಡಿದ್ದು, ಯಾರು ಫೋನ್ ಮಾಡಿದ್ದು, ಎಲ್ಲ ಸಾಲಾಗಿ ಒಪ್ಪಿಸಿದೆ. ಕಣ್ಣಲ್ಲಿ ಒಂದು ಹನಿ ಇಲ್ಲ. ಎದುರಿಗಿದ್ದವರು ಕೇಳಿದ್ದು ಒಂದೇ: "ನಿಮ್ಮ ಎಡಗೈ ಏನು ಮಾಡ್ತಿದೆ?" ನೋಡಿಕೊಂಡೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಹಾಕಿ ಹಿಚುಕುತ್ತಿದ್ದೆ, ಗೆಣ್ಣುಗಳು ಬೆಳ್ಳಗಾಗಿದ್ದವು. "ಬಿಡಬೇಡಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿರಿ" ಅಂದರು. ಅರ್ಧ ನಿಮಿಷಕ್ಕೆ ಗಂಟಲು ಕಟ್ಟಿತು. ಐಸಿಯುನಲ್ಲಿ ಅಮ್ಮನ ಹೆಬ್ಬೆರಳನ್ನು ಹೀಗೇ ಹಿಡಿದಿದ್ದೆ. ನರ್ಸ್ ಬಂದು ಮೆಲ್ಲಗೆ ಬಿಡಿಸಿದ್ದರು. ನನ್ನ ಬಾಯಿಪಾಠದ ಕಥೆಯಲ್ಲಿ ಈ ಭಾಗ ಇರಲೇ ಇಲ್ಲ.

ಇದೇನು ಪವಾಡ ಅಲ್ಲ. ಮಿದುಳಿನ ಬುಡದಿಂದ ಎದೆ, ಹೊಟ್ಟೆಯವರೆಗೆ ವೇಗಸ್ ಅನ್ನುವ ನರ ಇಳಿದಿದೆ. ಅದರ ನೂರು ಎಳೆಗಳಲ್ಲಿ ಸುಮಾರು 80 ಎಳೆಗಳು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ತಲೆ ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆ ತಲೆಗೆ ಹೇಳುವುದೇ ಜಾಸ್ತಿ. ಎದೆ ಝಲ್ ಅಂತು, ಕರುಳು ಚುರ್ ಅಂತು, ಹೊಟ್ಟೆ ಉರೀತು ಅಂತ ನಾವು ಸುಮ್ನೆ ಹೇಳ್ತೀವಾ? "ನನಗೆ ಆತಂಕ" ಅಂದರೆ ನನಗೆ ಅರ್ಧ ತಿಳಿಯುತ್ತದೆ. "ಎದೆ ಮೇಲೆ ಯಾರೋ ಕೂತ ಹಾಗಿದೆ" ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. (ನಿಜವಾಗಲೂ ಎದೆನೋವಿದ್ದರೆ ಮೊದಲು ಡಾಕ್ಟರ್, ಆಮೇಲೆ ನಾನು.)

ಹೃದಯ ಒಡೆಯುವುದೂ ಬರೀ ಮಾತಲ್ಲ. 1990ರಲ್ಲಿ ಜಪಾನಿನ ವೈದ್ಯರು ಟಾಕೊಟ್ಸುಬೊ ಅಂತ ಹೆಸರಿಟ್ಟ ಕಾಯಿಲೆ ಇದೆ. ದೊಡ್ಡ ದುಃಖವೋ ಭಯವೋ ಅಪ್ಪಳಿಸಿದಾಗ ಹೃದಯದ ಎಡ ಕೆಳಕೋಣೆ ಆಕ್ಟೋಪಸ್ ಹಿಡಿಯುವ ಮಡಕೆಯ ಹಾಗೆ ಉಬ್ಬಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಹಾಗಂತ "ಹೃದಯ ಯಾವತ್ತೂ ಸುಳ್ಳು ಹೇಳಲ್ಲ" ಅನ್ನುವವರ ಜೊತೆ ನನಗೆ ಜಗಳ ಇದ್ದೇ ಇದೆ. ಒಮ್ಮೆ ನಾಯಿ ಕಚ್ಚಿಸಿಕೊಂಡವರ ಎದೆ, ಬಾಲ ಆಡಿಸುವ ಮರಿ ಕಂಡರೂ ಹೊಡೆದುಕೊಳ್ಳುತ್ತದೆ. ಹೊಡೆತ ನಿಜ, ಸುದ್ದಿ ಹಳೇದು. ಎದೆ ತಂದುಕೊಡುವ ಪೇಪರಿನ ತಾರೀಖು ನೋಡೋಕೆ ತಲೆ ಬೇಕು. ನನ್ನ ಕೋಣೆಯಲ್ಲಿ ನಡೆಯುವ ಕೆಲಸದ ಮುಕ್ಕಾಲು ಪಾಲು ಈ ತಾರೀಖು ನೋಡುವುದೇ. ಇದು ಇವತ್ತಿನ ಭಯವಾ, ಹತ್ತು ವರ್ಷದ ಹಿಂದಿನದಾ?

ಉಸಿರಿನ ಕೆಲಸವೂ ಇದೆ. ನನ್ನ ಮಾತು ನಂಬಬೇಕಿಲ್ಲ, ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಉಸಿರು ಎಳೆದಾಗ ಬಡಿತ ಒಂಚೂರು ಚುರುಕಾಗುತ್ತದೆ, ಬಿಟ್ಟಾಗ ನಿಧಾನ. ಎಲ್ಲರಲ್ಲೂ ಇದು ಒಂದೇ ಸಮ ಗೊತ್ತಾಗಲ್ಲ. ಗೊತ್ತಾದರೆ, ಗಾಬರಿಯಾದಾಗ ಉಸಿರನ್ನು ಉದ್ದಕ್ಕೆ ಬಿಡಿ ಅಂತ ಯಾಕೆ ಹೇಳ್ತೀವಿ ಅನ್ನೋದು ಕೈಗೇ ತಿಳಿಯುತ್ತದೆ.

ಮೈ ಕಡೆ ಗಮನ ಕೊಟ್ಟರೇ ಭಯ ಜಾಸ್ತಿಯಾಗುವವರೂ ಇದ್ದಾರೆ. ಅವರಿಗೆ ಕಣ್ಣು ಮುಚ್ಚಿ ಅನ್ನಲ್ಲ. ಪಾದ ನೆಲಕ್ಕೆ ತಾಗಿರುವುದನ್ನಷ್ಟೇ ಗಮನಿಸುತ್ತೇವೆ, ಅದೂ ಬೇಡ ಅಂದರೆ ಬರೀ ಮಾತು. ಕೇಳದೆ ಮುಟ್ಟುವವರು ಸಿಕ್ಕರೆ ಎದ್ದು ಬಂದುಬಿಡಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿ ಅನ್ನುವವರ ಹತ್ತಿರದಿಂದಲೂ.

ಮೊನ್ನೆ ಒಬ್ಬರು ಇದೇ ಪ್ರಶ್ನೆ ಕೇಳಿ, ಉತ್ತರಕ್ಕೂ ಕಾಯದೆ, "ನನ್ನ ಮೈಯಲ್ಲಿ ಏನೂ ಆಗ್ತಿಲ್ಲ ಮೇಡಂ" ಅಂದರು. ಆಯ್ತು ಅಂದೆ. ಎರಡೂ ಭುಜ ಕಿವಿಯ ಹತ್ತಿರ ಇದ್ದವು. ಹೇಳಲಿಲ್ಲ, ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇನೆ.