ಗುಂಡಿನ ತೂಕದ ಆಯ್ಕೆ

ಮುಳ್ಳೇರಿಯದ ನಮ್ಮ ಅಡಿಕೆ ತೋಟದಲ್ಲಿ ಕೋವಿಯ ಮಾತು ಕಾಡುಹಂದಿಯ ಹಾವಳಿಗಷ್ಟೇ ಸೀಮಿತವಾದರೂ, ಅಮೆರಿಕದ ಮೊಂಟಾನಾದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ತೋಟೆಗಳನ್ನು ತಾವೇ ತುಂಬಿಸಿಕೊಳ್ಳುವ ಭಾವ ಊರಿಗೆ ಬಂದಾಗ ಚರ್ಚೆ ಗುಂಡಿನ ತೂಕದತ್ತ ಹೊರಳುತ್ತದೆ. ಅವರ .30-06 ಎಂಬ ಅಳತೆಯ ತೋಟೆ ಹಾಕುವ ರೈಫಲ್‌ಗೆ 150, 165, 180 ಗ್ರೇನ್ ತೂಕದ ಗುಂಡುಗಳಿವೆ. 180 ಗ್ರೇನ್ ಎಂದರೆ ಸುಮಾರು 11.7 ಗ್ರಾಂ. ಹಗುರವಾದದ್ದು ಹೆಚ್ಚು ವೇಗದಲ್ಲಿ ಹೊರಟರೂ, ಅದೇ ವ್ಯಾಸ ಮತ್ತು ಆಕಾರದ ಭಾರದ ಗುಂಡು ಗಾಳಿಯಲ್ಲಿ ವೇಗವನ್ನು ಅಷ್ಟು ಬೇಗ ಕಳೆದುಕೊಳ್ಳದು. ದಪ್ಪ ಸ್ನಾಯುವಿನೊಳಕ್ಕೂ ಸಾಮಾನ್ಯವಾಗಿ ಆಳವಾಗಿ ಇಳಿಯುತ್ತದೆ. ಆದ್ದರಿಂದ ಸೀಸದ ತಿರುಳಿನ ಸಾಧಾರಣ ಗುಂಡಾದರೆ ಎಲ್ಕ್‌ಗೆ 180 ಗ್ರೇನನ್ನೇ ನಾನು ಒಪ್ಪುತ್ತೇನೆ, ಏಕೆಂದರೆ ಗಾಯಗೊಂಡ ಪ್ರಾಣಿ ನರಳುತ್ತಾ ಓಡುವಂತಾಗಬಾರದು. ಪೂರ್ತಿ ತಾಮ್ರದ ಗುಂಡು ಪ್ರಾಣಿಗೆ ತಾಗಿ ಅರಳಿದ ಮೇಲೂ ತೂಕದ ಬಹುಪಾಲನ್ನು ಉಳಿಸಿಕೊಳ್ಳುವುದರಿಂದ 165 ಗ್ರೇನ್ ಸಾಕು. ತೂಕ ಬದಲಾದಾಗಲೆಲ್ಲ ತೋಟೆಗೆ ತುಂಬುವ ಮದ್ದಿನ ಪ್ರಮಾಣವನ್ನು ಅದರ ಕೈಪಿಡಿಯಲ್ಲಿ ಹೊಸದಾಗಿ ನೋಡಿ, ಕನಿಷ್ಠ ಅಳತೆಯಿಂದಲೇ ಆರಂಭಿಸಬೇಕು.