ಎಲ್ಲಿ ಬಿದ್ದಿರಿ, ಮೇಷ್ಟ್ರೇ?

ಮಂಡ್ಯದ ಮಾರುಕಟ್ಟೆಯಲ್ಲಾಗಲಿ, ನೆಂಟರ ಮದುವೆಮನೆಯಲ್ಲಾಗಲಿ, ನನ್ನ ಕೈಯ ಊರುಗೋಲನ್ನು ಕಂಡವರು ಮೊದಲು ಕೇಳುವುದು ಇದೊಂದೇ ಮಾತು: ‘ಎಲ್ಲಿ ಬಿದ್ರಿ ಮೇಷ್ಟ್ರೇ?’ ನಾನು ಬೀಳಲಿಲ್ಲ. ಬೆನ್ನಿನೊಳಗೆ ತಾನಾಗಿ ರಕ್ತ ಸೋರಿ, ಆ ರಕ್ತ ಬೆನ್ನುಹುರಿಯನ್ನು ಒತ್ತಿದ್ದರಿಂದ ಕಾಲಿನ ಶಕ್ತಿ ಹೋಯಿತು ಎಂದರೆ, ನಾನೇನೋ ಮುಚ್ಚಿಡುತ್ತಿದ್ದೇನೆಂದು ಬಗೆದು ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವರನ್ನು ದೂರುವಂತಿಲ್ಲ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುವ ಕಾಯಿಲೆಯಿದು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿದ್ದವರು 18 ಲಕ್ಷ. ಆ ಲೆಕ್ಕದಲ್ಲಿ ಇಡೀ ಜಿಲ್ಲೆಗೆ ವರ್ಷಕ್ಕೆ ಇಬ್ಬರು ಸಿಕ್ಕರೆ ಹೆಚ್ಚು.

ಬೆನ್ನೆಲುಬಿನೊಳಗಿನ ಕೊಳವೆಯಲ್ಲಿ ಬೆನ್ನುಹುರಿ ಇಳಿದುಬರುತ್ತದೆ. ಅದನ್ನು ಡ್ಯೂರಾ ಎಂಬ ಗಟ್ಟಿಯಾದ ಪೊರೆ ಸುತ್ತುವರಿದಿದೆ. ಆ ಪೊರೆಗೂ ಮೂಳೆಗೂ ನಡುವಿನ ಕಿರಿದಾದ ಸಂದಿಯಲ್ಲಿ ಒಂದಿಷ್ಟು ಕೊಬ್ಬು ಮತ್ತು ತೆಳುಗೋಡೆಯ ಅಭಿಧಮನಿಗಳ ಜಾಲವಿದೆ. ಕಾಲಿನ ಅಭಿಧಮನಿಗಳಲ್ಲಿರುವಂತೆ ಇವುಗಳಲ್ಲಿ ಕವಾಟಗಳಿಲ್ಲವಾದ್ದರಿಂದ, ನಾವು ಜೋರಾಗಿ ಸೀನಿದಾಗ, ಕೆಮ್ಮಿದಾಗ, ಶೌಚಕ್ಕೆ ತಿಣುಕಿದಾಗ ಎದೆ ಹೊಟ್ಟೆಗಳೊಳಗಿನ ಒತ್ತಡ ತಡೆಯಿಲ್ಲದೆ ಅಲ್ಲಿಗೆ ತಲಪುತ್ತದೆ. ಅಂಥದೊಂದು ನಾಳ ಒಡೆದು ರಕ್ತ ಹೆಪ್ಪುಗಟ್ಟಿದರೆ ಅದನ್ನು ವೈದ್ಯರು ಎಪಿಡ್ಯೂರಲ್ ಹೆಮಟೋಮಾ ಎನ್ನುತ್ತಾರೆ. ಅಭಿಧಮನಿಯಲ್ಲ, ಅಪಧಮನಿಯೇ ಇದರ ಮೂಲ ಎಂದು ವಾದಿಸುವ ವೈದ್ಯರೂ ಇದ್ದಾರೆ. ಮೂಲ ಯಾವುದೇ ಆಗಲಿ, ಸುತ್ತಲಿನ ಮೂಳೆ ಹಿಗ್ಗುವುದಿಲ್ಲ; ಜಾಗ ಬಿಟ್ಟುಕೊಡಬೇಕಾದದ್ದು ಬೆನ್ನುಹುರಿಯೇ.

ಎಷ್ಟೋ ರೋಗಿಗಳಲ್ಲಿ ನಾಳ ಏಕೆ ಒಡೆಯಿತೆಂಬುದು ಕೊನೆಗೂ ತಿಳಿಯುವುದಿಲ್ಲ. ನನ್ನಲ್ಲಿ ತಿಳಿಯಿತು, ಮತ್ತು ಅದರಲ್ಲಿ ನನ್ನ ತಪ್ಪೇ ಹೆಚ್ಚು. ಚಿಕ್ಕಂದಿನ ಕೀಲುಜ್ವರದಿಂದ ಹಾಳಾಗಿದ್ದ ಹೃದಯದ ಕವಾಟದ ಬದಲಿಗೆ ಲೋಹದ ಕವಾಟ ಹಾಕಿಸಿಕೊಂಡವನು ನಾನು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಅಸಿನೋಕೌಮರಾಲ್ ಮಾತ್ರೆ ನುಂಗಬೇಕು. ರಕ್ತ ತೆಳುವಾಗುವ ಮಾತ್ರೆ ಎಂದು ಎಲ್ಲರೂ ಕರೆದರೂ ಅದು ರಕ್ತವನ್ನೇನೂ ತೆಳುಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ, ಅಷ್ಟೆ. ಎಷ್ಟು ತಡವಾಗುತ್ತಿದೆ ಎಂಬುದನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆ ಹೇಳುತ್ತದೆ. ಮಾತ್ರೆ ನುಂಗದವರಲ್ಲಿ ಅದು 1ರ ಆಸುಪಾಸಿನಲ್ಲಿರುತ್ತದೆ, ನನಗೆ 2.5ರಿಂದ 3.5ರೊಳಗೆ ಇರಬೇಕು. ಮಗಳ ಮದುವೆಯ ಓಡಾಟದಲ್ಲಿ ಎರಡು ತಿಂಗಳು ಪರೀಕ್ಷೆ ಮಾಡಿಸಿರಲಿಲ್ಲ. ಮದುವೆ ಊಟದ ಮೇಲೆ ಹತ್ತಿದ ಭೇದಿಗೆಂದು ಮೆಡಿಕಲ್ ಶಾಪಿನಲ್ಲಿ ನಾನೇ ಕೇಳಿ ತಂದ ಮೆಟ್ರೊನಿಡಜೋಲ್ ಆ ಮಾತ್ರೆಯ ಪ್ರಭಾವವನ್ನು ವಿಪರೀತ ಹೆಚ್ಚಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಸೇರಿದ ದಿನ ನನ್ನ ಐಎನ್‌ಆರ್ 6ನ್ನು ದಾಟಿತ್ತು.

ಅಂದು ಬೆಳಗಿನ ಐದು ಗಂಟೆಗೆ ಎರಡು ಹೆಗಲಮೂಳೆಗಳ ನಡುವೆ ಒಮ್ಮೆಲೇ ಹುಟ್ಟಿದ ನೋವು, ಪಕ್ಕೆಲುಬಿನ ಸುತ್ತ ಪಟ್ಟಿ ಬಿಗಿದಂತೆ ಎದೆಗೆ ಬಂದಿತು. ಹೃದಯವೇ ಕೈಕೊಟ್ಟಿತೆಂದುಕೊಂಡೆವು. ಹತ್ತಿರದ ಕ್ಲಿನಿಕ್ಕೊಂದರಲ್ಲಿ ಇಸಿಜಿ ಸರಿಯಿದೆಯೆಂದು ಹೇಳಿ, ನೋವಿಗೆ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ನಾನು ಯಾವ ಮಾತ್ರೆ ನುಂಗುತ್ತಿದ್ದೇನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಕ್ಕದ ಮನೆಯ ಅಜ್ಜಿ, ಉಳುಕು ತೆಗೆಯುವವರನ್ನು ಕರೆಸೋಣವೆಂದರು. ಒಂಬತ್ತರ ಹೊತ್ತಿಗೆ ನೋವು ಸ್ವಲ್ಪ ತಗ್ಗಿದ್ದರಿಂದ ಎಲ್ಲರಿಗೂ ಸಮಾಧಾನವಾಯಿತು. ಆಗಲೇ ನಡೆಯುತ್ತಿದ್ದವನ ಬಲಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯಿತು. ಜಾರಿದ್ದು ನನಗೆ ತಿಳಿಯಲೇ ಇಲ್ಲ. ‘ರೀ, ಚಪ್ಪಲಿ!’ ಎಂದು ಹೆಂಡತಿ ಕೂಗಿದಾಗ ತಿರುಗಿ ನೋಡಿದೆ. ಗಂಟೆಯೊಳಗೆ ಎರಡೂ ಕಾಲು ಸೋತವು. ಹೊಟ್ಟೆಯುಬ್ಬುವಷ್ಟು ಮೂತ್ರ ತುಂಬಿದ್ದರೂ ಒಂದು ಹನಿ ಬರಲಿಲ್ಲ.

ಹಠಾತ್ತಾದ ಬೆನ್ನುನೋವು ಅಥವಾ ಕತ್ತುನೋವು, ಅದರ ಹಿಂದೆಯೇ ಕಾಲಿನ ನಿಶ್ಶಕ್ತಿ, ಮೂತ್ರ ಕಟ್ಟುವುದು: ಈ ಮೂರೂ ಒಂದಾಗಿ ಬಂದರೆ ಅದು ಉಳುಕಲ್ಲ, ತುರ್ತುಸ್ಥಿತಿ. ಕತ್ತಿನ ಭಾಗದಲ್ಲಿ ಒಂದು ಬದಿಗೆ ರಕ್ತ ಸೋರಿದರೆ ಅದೇ ಬದಿಯ ಕೈಕಾಲು ಬಿದ್ದು, ಲಕ್ವ ಹೊಡೆದಂತೆಯೇ ಕಾಣುತ್ತದೆ. ಆದರೆ ಬಾಯಿ ಸೊಟ್ಟಗಾಗುವುದಿಲ್ಲ, ಮಾತು ತೊದಲುವುದಿಲ್ಲ. ಲಕ್ವವೆಂದೇ ತಿಳಿದು ಹೆಪ್ಪು ಕರಗಿಸುವ ಔಷಧ ಕೊಟ್ಟರೆ ರಕ್ತಸ್ರಾವ ಇನ್ನಷ್ಟು ಹೆಚ್ಚುವ ಅಪಾಯವಿದೆ.

ಮಧ್ಯಾಹ್ನ ಮೈಸೂರಿನಲ್ಲಿ ಎಂಆರ್‌ಐ ಮಾಡಿದಾಗ ಬೆನ್ನಿನ ಮೇಲ್ಭಾಗದಲ್ಲಿ, ಹುರಿಯ ಹಿಂಬದಿಗೆ ಅಂಟಿಕೊಂಡ ಉದ್ದನೆಯ ಹೆಪ್ಪು ಕಂಡಿತು. ಹಾಗೆಂದು ಕೂಡಲೇ ಕತ್ತರಿ ಆಡಿಸುವಂತಿರಲಿಲ್ಲ. ಹೆಪ್ಪುಗಟ್ಟದ ರಕ್ತದವನನ್ನು ಕೊಯ್ದರೆ ಸೋರುವುದು ನಿಲ್ಲುವುದಿಲ್ಲ. ವಿಟಮಿನ್ ಕೆ ಮತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ರಕ್ತನಾಳಕ್ಕೆ ಕೊಟ್ಟು, ಐಎನ್‌ಆರ್ ಇಳಿದ ಮೇಲೆ, ಸಂಜೆ ಆರರ ಸುಮಾರಿಗೆ ಬೆನ್ನುಮೂಳೆಯ ಹಿಂಬದಿಯ ಕಮಾನುಗಳನ್ನು ತೆಗೆದು ಹೆಪ್ಪನ್ನು ಹೊರಹಾಕಿದರು. ಈ ಶಸ್ತ್ರಚಿಕಿತ್ಸೆಗೆ ಲ್ಯಾಮಿನೆಕ್ಟಮಿ ಎಂದು ಹೆಸರು. ಎಲ್ಲರಿಗೂ ಇದು ಬೇಕಾಗುವುದಿಲ್ಲ; ಕಾಲಿನ ಶಕ್ತಿ ಹೆಚ್ಚು ಕುಂದದೆ, ಕುಂದಿದ್ದೂ ಕೆಲವೇ ಗಂಟೆಗಳಲ್ಲಿ ಮರಳತೊಡಗಿದರೆ, ಆಸ್ಪತ್ರೆಯಲ್ಲೇ ಕಣ್ಣಿಟ್ಟು ಕಾಯುವುದೂ ಉಂಟು. ಶಸ್ತ್ರಚಿಕಿತ್ಸೆಯ ಫಲವನ್ನು ಬಹುಮಟ್ಟಿಗೆ ನಿರ್ಧರಿಸುವುದು ಎರಡು ಸಂಗತಿಗಳು: ಅದಕ್ಕೆ ಮುಂಚೆ ಎಷ್ಟು ಶಕ್ತಿ ಉಳಿದಿತ್ತು, ಎಷ್ಟು ಗಂಟೆ ಕಳೆದಿತ್ತು. ಮೊದಲ 12 ಗಂಟೆಗಳೊಳಗೆ ಒತ್ತಡ ತೆಗೆದವರು ಹೆಚ್ಚು ಚೇತರಿಸಿಕೊಳ್ಳುತ್ತಾರೆಂದು ವೈದ್ಯರು ಹೇಳಿದರು. ನನಗೆ 13 ಆಗಿತ್ತು. ಮೂತ್ರದ ನಳಿಕೆ ಐದನೆಯ ವಾರ ಹೊರಬಂತು, ಎಡಗಾಲು ಪೂರ್ತಿ ಮರಳಿತು, ಬಲಗಾಲಿನ ಪಾಲಿಗೆ ಈ ಕೋಲು ಬಂತು.

ಇಷ್ಟು ಕೇಳಿದವರ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ನನ್ನನ್ನು ಹೆಚ್ಚು ಹೆದರಿಸುತ್ತದೆ. ‘ಹಾಗಾದ್ರೆ ನಮ್ಮಣ್ಣನೂ ಆ ಮಾತ್ರೆ ಬಿಟ್ಟುಬಿಡಲಾ?’ ಬೇಡ. ಲೋಹದ ಕವಾಟವಿರುವವರು ತಾವಾಗಿ ಮಾತ್ರೆ ನಿಲ್ಲಿಸಿದರೆ ಕವಾಟದ ಮೇಲೆ ಕಟ್ಟಿದ ಹೆಪ್ಪು ಮಿದುಳಿಗೆ ಹೋಗಿ ನಿಜವಾದ ಲಕ್ವವೇ ಬಂದೀತು. ಬೆನ್ನು ಕೊಯ್ದ ವೈದ್ಯರೂ ಹೃದಯದ ವೈದ್ಯರೂ ಮಾತಾಡಿಕೊಂಡು, ಹನ್ನೆರಡನೆಯ ದಿನ ನನಗೆ ಅದೇ ಮಾತ್ರೆಯನ್ನು ಮತ್ತೆ ಶುರುಮಾಡಿಸಿದರು. ಸೊಪ್ಪನ್ನೂ ನಾನು ಬಿಟ್ಟಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದಾದ್ದರಿಂದ ಒಂದು ವಾರ ರಾಶಿ ತಿಂದು ಮರುವಾರ ಮುಟ್ಟದಿದ್ದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಬಸ್ಸಾರು ವಾರಕ್ಕೆ ಎರಡೇ ದಿನ, ಒಂದೇ ಅಳತೆ; ಐಎನ್‌ಆರ್ ಪ್ರತಿ ತಿಂಗಳ ಮೊದಲ ಸೋಮವಾರ, ಮದುವೆಯಿದ್ದರೂ ಸರಿ.